ಶಾಸನದೊಳಗಿನ ಅನ್ನ

ಮಗಳು: ಚಿಕ್ಕಪ್ಪ, ಡಿಸೆಂಬರ್ ಕೊನೆಯಲ್ಲಿ ಮಕ್ಕಳಿಗೆ ರಜೆ. ಧಾರವಾಡದಿಂದ ನಮ್ಮ ಅತ್ತೆ, ಮಾವನೂ ಬರ್ತಿದ್ದಾರೆ. ಎಲ್ಲರನ್ನೂ ಹಾಸನದ ಕಡೆ ಕರಕೊಂಡು ಬರೋಣ ಅಂತಿದ್ದೀವಿ. ಬೆಂಗಳೂರಿನಿಂದ ಬೆಳಗಿನ ಜಾವ ಹೊರಟರೆ ಶ್ರವಣಬೆಳಗೊಳ, ಹಳೇಬೀಡು, ಬೇಲೂರು ಮುಗಿಸಿ ರಾತ್ರಿ ಹೊತ್ತಿಗೆ ಮನೆ ಸೇರಬಹುದು ಅಂತ ಗಾಡಿಯವರು ಹೇಳಿದರು.

ಚಿಕ್ಕಪ್ಪ: ಸೇರಬಹುದು ಕಣಮ್ಮ. ಎಷ್ಟೋ ಜನ ಹಾಗೇ ಬಂದು ಹೋಗ್ತಾರೆ. ಆದರೆ ಆ ದಿನ ಹೇಗೆ ಕಳೆಯುತ್ತೆ ನೋಡು. ವಿಂಧ್ಯಗಿರಿಯ ಬುಡಕ್ಕೆ ಬರೋ ಹೊತ್ತಿಗೆ ಬಿಸಿಲು ಏರಿರುತ್ತೆ. ಬರಿಗಾಲಲ್ಲಿ ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಹಳೇಬೀಡಿಗೆ ಬಂದಾಗ ಮಕ್ಕಳಿಗೆ ಹಸಿವು, ನಿಮ್ಮ ಅತ್ತೆಯವರಿಗೆ ಮಂಡಿ ನೋವು. ಬೇಲೂರು ತಲುಪಿದಾಗ ಹೊತ್ತು ಮುಳುಗಿರುತ್ತೆ. ಊಟವೋ, ಹೆದ್ದಾರಿ ಪಕ್ಕ ಯಾವ ಊರಲ್ಲಾದರೂ ಸಿಗೋವಂಥದ್ದು. ಹಾಸನ ಜಿಲ್ಲೆಗೆ ಬಂದು, ಹಾಸನ ಜಿಲ್ಲೆಯ ಒಂದು ತುತ್ತೂ ಬಾಯಿಗೆ ಬೀಳದೆ ವಾಪಸ್ ಹೋಗ್ತೀರಿ.

ಮಗಳು: ಗುಡಿ ನೋಡೋಕೆ ತಾನೇ ಬರೋದು? ಊಟ ಎಲ್ಲಾದರೂ ಆಗುತ್ತಲ್ಲ.

ಚಿಕ್ಕಪ್ಪ: ಈ ಸೀಮೆಯಲ್ಲಿ ಅವೆರಡನ್ನೂ ಬೇರೆ ಮಾಡೋಕೆ ಬರಲ್ಲ ಮಗಳೇ. ಹೊಯ್ಸಳರ ಗುಡಿಗಳ ಹತ್ತಿರ ನಿಂತಿರೋ ಶಾಸನದ ಕಲ್ಲು ನೋಡಿದ್ದೀಯಲ್ಲ? ಮೇಲುಗಡೆ ರಾಜನ ವಂಶ, ಬಿರುದು, ಗೆದ್ದ ಯುದ್ಧ. ಎಲ್ಲರೂ ಅಷ್ಟು ಕೇಳಿ ಮುಂದೆ ಹೋಗ್ತಾರೆ. ಕೆಳಗಿನ ಸಾಲುಗಳಿಗೆ ಇಳಿದು ನೋಡು. ದೇವರ ಅಮೃತಪಡಿಗೆ ಅಂದರೆ ನೈವೇದ್ಯಕ್ಕೆ, ನಂದಾದೀವಿಗೆಗೆ, ಗುಡಿಯ ಜೀರ್ಣೋದ್ಧಾರಕ್ಕೆ, ಆಹಾರದಾನಕ್ಕೆ ಅಂತ ಯಾವ ಕೆರೆಯ ಕೆಳಗೆ ಎಷ್ಟು ಗದ್ದೆ ಬಿಟ್ಟರು, ಎಷ್ಟು ಬೆದ್ದಲು ಬಿಟ್ಟರು, ಗಾಣದಿಂದ ಎಷ್ಟು ಎಣ್ಣೆ ಬರಬೇಕು, ಹೊಲದ ಎಲ್ಲೆ ಯಾವ ಕಲ್ಲಿಂದ ಯಾವ ಮರದವರೆಗೆ, ಎಲ್ಲವೂ ಇರುತ್ತೆ. ಬಿ.ಎಲ್. ರೈಸ್ ಅವರು 1902ರಲ್ಲಿ ಈ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ 5ನೇ ಸಂಪುಟವಾಗಿ ಅಚ್ಚು ಹಾಕಿಸಿದರು. ತಿರುವಿ ಹಾಕಿದರೆ ಉದ್ದಕ್ಕೂ ಕೆರೆ, ಗದ್ದೆ, ಭತ್ತದ ಮಾತೇ ಸಿಗುತ್ತೆ. ಗುಡಿ ಕಟ್ಟಿದ ದಿನವೇ ಅದರ ಒಲೆ ಹೇಗೆ ಉರಿಯಬೇಕು ಅಂತಲೂ ಗೊತ್ತುಮಾಡುತ್ತಿದ್ದರು. ನೀನು ಗುಡಿ ನೋಡಿ ಕೆರೆ ಬಿಟ್ಟರೆ, ಕೆರೆ ನೋಡಿ ಊಟ ಬಿಟ್ಟರೆ, ಶಾಸನದ ಅರ್ಧ ಓದಿದ ಹಾಗೆ.

ಮಗಳು: ಹಾಗಾದರೆ ಎಷ್ಟು ದಿನ ಬೇಕು?

ಚಿಕ್ಕಪ್ಪ: ನಾಲ್ಕು ದಿನ ಇಟ್ಟುಕೋ. ಒಂದು ರಾತ್ರಿ ಶ್ರವಣಬೆಳಗೊಳದಲ್ಲಿ, ಉಳಿದದ್ದು ಹಾಸನದಲ್ಲಿ. ಬೇಲೂರು, ಹಳೇಬೀಡು, ಹೊಳೆನರಸೀಪುರ, ಅರಕಲಗೂಡು ಎಲ್ಲಕ್ಕೂ ಹಾಸನದಿಂದ ಒಂದು ಗಂಟೆ ಆಸುಪಾಸಿನ ದಾರಿ. ದಿನಾ ಪೆಟ್ಟಿಗೆ ಕಟ್ಟೋ ಗೋಜಿಲ್ಲ. ಬರೋದಕ್ಕೆ ರೈಲೇ ಹತ್ತಿ. 2017ರಲ್ಲಿ ಕುಣಿಗಲ್ ಮೇಲಿನ ರೈಲುಮಾರ್ಗ ಶುರುವಾದ ಮೇಲೆ ಬೆಂಗಳೂರಿನವರು ಶ್ರವಣಬೆಳಗೊಳದಲ್ಲೇ ಇಳಿಯಬಹುದು.

ಮಗಳು: ಅತ್ತೆಯವರು ಹಾಸನಾಂಬೆ ದರ್ಶನ ಆಗಲೇಬೇಕು ಅಂತಿದ್ದರು.

ಚಿಕ್ಕಪ್ಪ: ಅದನ್ನ ಈಗಲೇ ಬಿಡಿಸಿ ಹೇಳಿಬಿಡು. ಅಮ್ಮನವರ ಬಾಗಿಲು ತೆಗೆಯೋದು ವರ್ಷಕ್ಕೊಂದೇ ಸಲ, ಆಶ್ವಯುಜದ ಹುಣ್ಣಿಮೆ ಕಳೆದ ಮೇಲಿನ ಗುರುವಾರ. ಬಲಿಪಾಡ್ಯಮಿ ಕಳೆಯುತ್ತಿದ್ದಂತೆ ಮುಚ್ಚುತ್ತಾರೆ. ಡಿಸೆಂಬರಿನಲ್ಲಿ ಮುಚ್ಚಿದ ಬಾಗಿಲಿಗೇ ಕೈಮುಗಿಯಬೇಕು. ಅದಕ್ಕೆ ದೀಪಾವಳಿಗೆ ಬೇರೆಯಾಗಿ ಬನ್ನಿ. ಆದರೆ ಊಟದ ಲೆಕ್ಕದಲ್ಲಿ ನೀವು ಆರಿಸಿಕೊಂಡ ಕಾಲ ಬಹಳ ಒಳ್ಳೇದು. ರಾಗಿ ಕೊಯ್ಲು ಮುಗಿದು ಕಣಕ್ಕೆ ಬಂದಿರುತ್ತೆ, ಬೆಳಗಿನ ಇಬ್ಬನಿ ಕುಡಿದ ಅವರೆಕಾಯಿಗೆ ಸೊಗಡು ಹತ್ತಿರುತ್ತೆ.

ಮಗಳು: ಸರಿ, ಮೊದಲ ದಿನದಿಂದ ಹೇಳಿ, ಬರಕೊಳ್ತೀನಿ.

ಚಿಕ್ಕಪ್ಪ: ಹಿಂದಿನ ದಿನ ಸಂಜೆಯೇ ರೈಲಿಳಿದು ಶ್ರವಣಬೆಳಗೊಳದಲ್ಲಿ ಉಳಿಯಿರಿ. ಬೆಳಿಗ್ಗೆ ಬೆಟ್ಟದ ಬಾಗಿಲು ತೆಗೆಯೋ ಹೊತ್ತಿಗೆ ಹತ್ತೋಕೆ ಶುರು ಮಾಡಿ. ಕಲ್ಲು ತಣ್ಣಗಿರುತ್ತೆ. ಅತ್ತೆಯವರಿಗೆ ಡೋಲಿ ಸಿಗುತ್ತೆ, ಸಂಕೋಚಪಡಬೇಡಿ ಅನ್ನು. ಮೇಲೆ 58 ಅಡಿಯ ಗೊಮ್ಮಟ. ಗಂಗರ ಮಂತ್ರಿ ಚಾವುಂಡರಾಯ 10ನೇ ಶತಮಾನದ ಕೊನೆಯಲ್ಲಿ ಬೆಟ್ಟದ ಬಂಡೆಯಲ್ಲೇ ಮಾಡಿಸಿದ್ದು. ಹನ್ನೆರಡು ವರ್ಷಕ್ಕೊಮ್ಮೆ ಮಹಾಮಸ್ತಕಾಭಿಷೇಕ. ಹಿಂದಿನದು 2018ರ ಫೆಬ್ರವರಿಯಲ್ಲಿ ಆಯಿತು. ಗೊಮ್ಮಟನನ್ನ ನೋಡಿದ ಮೇಲೆ ಮಕ್ಕಳನ್ನ ಅವನ ಎದುರಿಗೆ, ಹೊರಬಾಗಿಲ ಹತ್ತಿರ ನಿಂತಿರೋ ಗುಳ್ಳಕಾಯಜ್ಜಿಯ ಮುಂದೆ ನಿಲ್ಲಿಸು. ಚಾವುಂಡರಾಯ ಕೊಡಗಟ್ಟಲೆ ಹಾಲು ಸುರಿಸಿದರೂ ಅಭಿಷೇಕ ಸೊಂಟದಿಂದ ಕೆಳಕ್ಕೆ ಇಳಿಯಲಿಲ್ಲವಂತೆ. ಅಜ್ಜಿ ಒಂದು ಗುಳ್ಳದ ಕಾಯಿಯ ಚಿಪ್ಪಲ್ಲಿ ತಂದ ಹಾಲು ಪಾದದವರೆಗೂ ಹರಿಯಿತಂತೆ. ಆ ಕಥೆಯನ್ನ ಅಲ್ಲೇ ಹೇಳು.

ಮಗಳು: ಅಲ್ಲಿ ಊಟ?

ಚಿಕ್ಕಪ್ಪ: ಊರಲ್ಲೇ ಜೈನರ ಊಟ ಮಾಡಿ. ಈರುಳ್ಳಿ, ಬೆಳ್ಳುಳ್ಳಿ ಇಲ್ಲ, ನೆಲದೊಳಗೆ ಬೆಳೆಯೋ ಗೆಡ್ಡೆ ಯಾವುದೂ ಇಲ್ಲ. ಆಲೂಗಡ್ಡೆಗೆ ಹೆಸರಾದ ಜಿಲ್ಲೆಯ ನಡುವೆ ಆಲೂಗಡ್ಡೆ ಮುಟ್ಟದ ಅಡುಗೆಮನೆಗಳಿವೆ ಅಂತ ಮಕ್ಕಳಿಗೆ ತೋರಿಸು. ಸಂಜೆಯ ಊಟ ಹೊತ್ತು ಮುಳುಗೋದರೊಳಗೆ ಮುಗಿಯಬೇಕು, ಅದನ್ನ ನೋಡಿಕೊಂಡು ರೈಲು ಆರಿಸಿ. ಆಮೇಲೆ ಎದುರಿನ ಚಂದ್ರಗಿರಿ, ಊರೊಳಗಿನ ಅಕ್ಕನ ಬಸದಿ. ಅಕ್ಕನ ಬಸದಿಯನ್ನ 1181ರಲ್ಲಿ ಕಟ್ಟಿಸಿದ್ದು ಆಚಿಯಕ್ಕ. ಇಮ್ಮಡಿ ಬಲ್ಲಾಳನ ಮಂತ್ರಿ ಚಂದ್ರಮೌಳಿಯ ಹೆಂಡತಿ ಆಕೆ. ಗಂಡ ಶೈವ, ಹೆಂಡತಿ ಜೈನಳು.

ಮಗಳು: ಅಲ್ಲಿಂದ ನೇರ ಹಾಸನಕ್ಕಾ?

ಚಿಕ್ಕಪ್ಪ: ಅವಸರ ಬೇಡ. ಚನ್ನರಾಯಪಟ್ಟಣಕ್ಕೆ ಬಂದು ತಿಪಟೂರಿನ ದಾರಿ ಹಿಡಿದು ನುಗ್ಗೇಹಳ್ಳಿಗೆ ಹೋಗಿ. ಎರಡೂ ಕಡೆ ತೆಂಗಿನ ತೋಟ, ದಾರೀಲಿ ಎಳನೀರು. ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಸ್ಥಾನ 1246ರದ್ದು. ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ್ದು. ಅಲ್ಲಿ ಗೋಡೆಗೆ ಬಹಳ ಹತ್ತಿರ ಹೋಗಿ ನಿಲ್ಲಿ. ಮೂರ್ತಿಗಳ ಪಾದದ ಪೀಠದ ಮೇಲೆ ಸಣ್ಣ ಅಕ್ಷರದಲ್ಲಿ ಕೆತ್ತಿದವನ ಹೆಸರು ಇದೆ. ದಕ್ಷಿಣದ ಗೋಡೆಯ ಕೆಲಸ ಬೈಚೋಜನದು, ಉತ್ತರದ್ದು ಮಲ್ಲಿತಮ್ಮನದು. ಎರಡೂ ಕಡೆ ಸುತ್ತಿ ಬಂದರೆ ಕೈ ಬೇರೆ ಬೇರೆ ಅಂತ ಕಣ್ಣಿಗೇ ಗೊತ್ತಾಗುತ್ತೆ. ಇದೇ ಮಲ್ಲಿತಮ್ಮ ಸೋಮನಾಥಪುರದಲ್ಲೂ ಹೆಸರು ಕೆತ್ತಿದ್ದಾನೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಮೂರೂ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಅದೇ ಕೈಯ ಕೆಲಸವನ್ನ ನುಗ್ಗೇಹಳ್ಳಿಯಲ್ಲಿ ಯಾರ ಗದ್ದಲವೂ ಇಲ್ಲದೆ ಎಷ್ಟು ಹೊತ್ತು ಬೇಕಾದರೂ ನೋಡಬಹುದು. ಇದೇ ತಾಲ್ಲೂಕಿನ ಸಂತೇಶಿವರ ಎಸ್.ಎಲ್. ಭೈರಪ್ಪನವರ ಊರು. ಅವರ ಬಾಲ್ಯದ ಬಡತನ, ಹಸಿವು ಆತ್ಮಕಥೆ ‘ಭಿತ್ತಿ’ಯಲ್ಲಿ ಇದೆ. ಈ ನೆಲ ಎಲ್ಲರಿಗೂ ಎಲ್ಲ ಕಾಲಕ್ಕೂ ಹೊಟ್ಟೆ ತುಂಬ ಉಣ್ಣಿಸಿತು ಅಂದುಕೊಂಡವರು ಅದನ್ನೂ ಓದಬೇಕು.

ಮಗಳು: ಆ ರಾತ್ರಿ ಹಾಸನ. ನಿಮ್ಮನೇಲೇ ಊಟ ಅಲ್ವಾ?

ಚಿಕ್ಕಪ್ಪ: ಮತ್ತೆಲ್ಲಿ? ನಿನ್ನ ಚಿಕ್ಕಮ್ಮ ಹಿದಕಬೇಳೆ ಸಾರು ಮಾಡ್ತಾಳೆ. ಆದರೆ ಒಂದು ಷರತ್ತು, ಮಕ್ಕಳೂ ಕೂತು ಬೇಳೆ ಹಿದುಕಬೇಕು. ಹಿಂದಿನ ರಾತ್ರಿಯೇ ಕಾಳು ನೆನೆಹಾಕಿರ್ತೀವಿ. ಹೆಬ್ಬೆರಳು, ತೋರುಬೆರಳಿನ ನಡುವೆ ಹಿಡಿದು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಪುಟಕ್ಕನೆ ಪಾತ್ರೆಗೆ ಹಾರುತ್ತೆ. ನಾಲ್ಕು ಜನ ಕೂತರೂ ಒಂದು ಸಾರಿಗಾಗೋಷ್ಟು ಬೇಳೆಗೆ ಹೊತ್ತು ಹಿಡಿಯುತ್ತೆ. ಬೆರಳ ತುದಿಯಲ್ಲಿ ಸೊಗಡು ಮಾರನೇ ದಿನದವರೆಗೂ ಇರುತ್ತೆ. ಜೊತೆಗೆ ಬಿಸಿ ಮುದ್ದೆ.

ಮಗಳು: ಅತ್ತೆಯವರು ಜೋಳದ ರೊಟ್ಟಿ ಬಿಟ್ಟರೆ ಬೇರೆ ಮುಟ್ಟಲ್ಲ, ಅದೇ ಯೋಚನೆ.

ಚಿಕ್ಕಪ್ಪ: ಅವರಿಗೆ ಮುದ್ದೆ ಬಲವಂತ ಮಾಡೋದು ಬೇಡ. ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿ ಹಾಕೋಣ. ಅವರು ಗುರೆಳ್ಳು ಪುಡಿ ಮಾಡ್ತಾರಲ್ಲ, ಅದೇ ಕಾಳು ಇದು. ಒಂದು ತುತ್ತಿಗೇ ಗುರುತು ಹಿಡಿತಾರೆ. ಇನ್ನೊಂದು ಮಾತು ಅವರಿಗೆ ಹೇಳು. ನಮ್ಮ ಕಡೆ ರಾಗಿ ಹೊಲದಲ್ಲಿ ರಾಗಿ ಒಂದನ್ನೇ ಬಿತ್ತುತ್ತಿರಲಿಲ್ಲ. ನಡುನಡುವೆ ಅಕ್ಕಡಿ ಸಾಲು ಬಿಡ್ತಿದ್ದರು. ಆ ಸಾಲಲ್ಲಿ ಅವರೆ, ಹುಚ್ಚೆಳ್ಳು, ತೊಗರಿ, ಜೋಳ. ರಾಗಿ ಕೈಕೊಟ್ಟರೂ ಅಕ್ಕಡಿ ಕೈಹಿಡೀತಿತ್ತು. ಹಾಗಾಗಿ ಮುದ್ದೆ, ಅವರೆಕಾಳು ಸಾರು, ಹುಚ್ಚೆಳ್ಳು ಚಟ್ನಿ ಮೂರೂ ಒಂದೇ ಹೊಲದಿಂದ ತಟ್ಟೆಗೆ ಬಂದವು. ಶಾಸನದಲ್ಲಿ ಬೆದ್ದಲು ಅಂತ ಓದ್ತೀಯಲ್ಲ, ಮಳೆಯನ್ನೇ ನಂಬಿದ ಆ ನೆಲದ ಊಟ ಇದು.

ಮಗಳು: ಗದ್ದೆಯ ಊಟ ಯಾವಾಗ?

ಚಿಕ್ಕಪ್ಪ: ಎರಡನೇ ದಿನ ಬೇಲೂರಿನ ದಾರಿಯಲ್ಲಿ ಅದರ ಮೂಲ ನೋಡ್ತೀರಿ. ಬೆಳಿಗ್ಗೆ ಮೊದಲು ದೊಡ್ಡಗದ್ದವಳ್ಳಿ. ಬೇಲೂರಿನ ಗುಡಿಗಿಂತ ಕೊಂಚ ಹಿಂದಿನದು. ನಾಲ್ಕು ಗರ್ಭಗುಡಿ, ಅದರಲ್ಲೊಂದು ಲಕ್ಷ್ಮಿಗೆ. ಕಟ್ಟಿಸಿದ್ದು ರಾಜನಲ್ಲ, ಕುಲ್ಲಹಣ ರಾವುತ ಅನ್ನೋ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ. ಗುಡಿಯ ಪಕ್ಕದಲ್ಲೇ ಕೆರೆ, ಆಚೆಗೆ ಹೊಲಗದ್ದೆ, ತೋಟ. ಅಲ್ಲಿ ನಿಂತರೆ ನಾನು ಹೇಳಿದ್ದೆಲ್ಲ ಒಂದೇ ನೋಟದಲ್ಲಿ ಸಿಗುತ್ತೆ. ಆಮೇಲೆ ಬೇಲೂರು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆತ್ತಗಿರುತ್ತೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತೆ. ಮದನಿಕೆಯ ಬಳೆ, ಹಣೆಯ ಮೇಲಿನ ಗುಂಗುರು ಕೂದಲು ಅಷ್ಟು ನಯವಾಗಿ ಬಂದದ್ದು ಅದಕ್ಕೇ. ಗುಡಿಯ ಮುಖ ಪೂರ್ವಕ್ಕೆ, ಬೆಳಗಿನ ಬೆಳಕು ಜಾಲಂಧ್ರಗಳ ಮೇಲೆ ಬೀಳುತ್ತೆ. ಒಳಗೆ ಕತ್ತಲು, ಕಣ್ಣು ಹೊಂದಿಕೊಳ್ಳೋಕೆ ಸಮಯ ಕೊಡಿ.

ಮಗಳು: ಹಳೇಬೀಡು ಮಧ್ಯಾಹ್ನಕ್ಕಾ?

ಚಿಕ್ಕಪ್ಪ: ಬೇಲೂರಿನ ಪೇಟೆಯಲ್ಲಿ ಬಾಳೆ ಎಲೆ ಊಟ ಮಾಡಿ, ಇಳಿಹೊತ್ತಿಗೆ ಹಳೇಬೀಡು. ಹೊಯ್ಸಳೇಶ್ವರನ ಹಿಂದಿನ ಗೋಡೆ ಪಶ್ಚಿಮಕ್ಕಿದೆ, ದೊಡ್ಡ ದೊಡ್ಡ ಮೂರ್ತಿಗಳಿರೋದು ಆ ಕಡೆ. ಸಂಜೆ ಬಿಸಿಲು ಅವುಗಳ ಮೇಲೆ ಓರೆಯಾಗಿ ಬಿದ್ದಾಗ ಒಂದೊಂದು ಗೆರೆಯೂ ಎದ್ದು ಕಾಣುತ್ತೆ. ಬುಡದ ಪಟ್ಟಿಕೆಗಳನ್ನ ಮಕ್ಕಳೇ ಗುರುತಿಸಲಿ: ಕೆಳಗೆ ಆನೆ, ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಪುರಾಣದ ಕಥೆ, ಮಕರ, ಹಂಸ. ಪ್ರದಕ್ಷಿಣೆಯಾಗಿ ಸುತ್ತಬೇಕು, ಕಥೆ ಆ ಕ್ರಮದಲ್ಲೇ ನಡೆಯೋದು. ಬಸ್ತಿಹಳ್ಳಿಯ ಮೂರು ಬಸದಿಗಳಿಗೂ ಹೋಗಿ. ಕೊನೆಗೆ ಕೆರೆ ಏರಿಯ ಮೇಲೆ ನಿಲ್ಲಿ. 1311ರಲ್ಲಿ ಮಲಿಕ್ ಕಾಫೂರನ ಸೈನ್ಯ ಬಂತು, ಮತ್ತೆ ಕೆಲವೇ ವರ್ಷಕ್ಕೆ ದೆಹಲಿಯ ಸೈನ್ಯ ಇನ್ನೊಮ್ಮೆ ಬಂತು. ಹಳೇಬೀಡಿಗೆ ಆಗ ದೋರಸಮುದ್ರ ಅಂತ ಹೆಸರು. ಆ ರಾಜಧಾನಿಯ ಅರಮನೆ ಹೋಯಿತು, ಸಿಂಹಾಸನ ಹೋಯಿತು. ಕೆರೆ ಮಾತ್ರ ಇವತ್ತಿಗೂ ಇದೆ. ರಾಜಧಾನಿಗಿಂತ ಕೆರೆಯ ಆಯುಸ್ಸು ದೊಡ್ಡದು ಅನ್ನೋದನ್ನ ಪುಸ್ತಕದಲ್ಲಿ ಓದೋದು ಬೇರೆ, ಅಲ್ಲಿ ನಿಂತು ನೋಡೋದು ಬೇರೆ.

ಮಗಳು: ಚಿಕ್ಕಪ್ಪ, ಒಂದು ಕೇಳ್ತೀನಿ. ಶಾಸನದಲ್ಲಿ ಗದ್ದೆ ಕೊಟ್ಟವರ ಹೆಸರಿದೆ, ಕಲ್ಲು ಕೆತ್ತಿದವರ ಹೆಸರಿದೆ. ಗದ್ದೆ ಉತ್ತವರು, ಆ ಅಕ್ಕಿ ಬೇಯಿಸಿದವರ ಹೆಸರು ಎಲ್ಲಿ? ನೀವು ಹೇಳೋ ಅನ್ನದ ಕಥೆಯಲ್ಲಿ ಅವರೇ ಇಲ್ಲವಲ್ಲ.

ಚಿಕ್ಕಪ್ಪ: ಸರಿಯಾಗಿ ಕೇಳಿದೆ. ಅವರ ಹೆಸರು ಸಿಗೋದು ಬಹಳ ಕಡಿಮೆ. ಕೊಟ್ಟವನು ದೊಡ್ಡವನಾದ, ದುಡಿದವನು ಗದ್ದೆಯ ಲೆಕ್ಕದೊಳಗೆ ಸೇರಿಹೋದ. ಗುಳ್ಳಕಾಯಜ್ಜಿಯ ಕಥೆಯನ್ನ ಜನ ಇಷ್ಟು ಕಾಲ ಉಳಿಸಿಕೊಂಡಿದ್ದು ಅದಕ್ಕೇ ಇರಬೇಕು. ಮಂತ್ರಿಯ ಎದುರಿಗೆ ಒಬ್ಬ ಬಡ ಮುದುಕಿಯನ್ನ ತಂದು ನಿಲ್ಲಿಸಬೇಕು ಅಂತ ಅವರಿಗೆ ಅನ್ನಿಸಿತ್ತು. ಅದಕ್ಕೇ ನಾನು ಉಳಕೊಳ್ಳಿ, ಇಲ್ಲೇ ಉಣ್ಣಿ ಅಂತ ಒತ್ತಿ ಹೇಳೋದು. ಒಂದೇ ದಿನದಲ್ಲಿ ಬಂದು ಹೋದರೆ ಊರಿಗೆ ಸಿಗೋದು ಗಾಡಿ ನಿಲ್ಲಿಸಿದ ದುಡ್ಡು, ಬಿಸಾಕಿದ ನೀರಿನ ಬಾಟಲಿ. ಉಳಿದರೆ ಮೆಸ್ ನಡೆಸೋ ಹೆಂಗಸಿಗೆ, ಎಳನೀರು ಕೊಚ್ಚುವವನಿಗೆ, ಆಟೋದವನಿಗೆ, ಸಂತೇಲಿ ಅವರೆಕಾಯಿ ಗುಡ್ಡೆ ಹಾಕಿಕೊಂಡು ಕೂತ ಅಜ್ಜಿಗೆ ನಾಲ್ಕು ಕಾಸು. ಆ ದುಡ್ಡು ಇಲ್ಲೇ ಓಡಾಡುತ್ತೆ.

ಮಗಳು: ಮೂರನೇ ದಿನ?

ಚಿಕ್ಕಪ್ಪ: ಹೊಳೆನರಸೀಪುರ. ದಾರಿಯಲ್ಲಿ ಮೊಸಳೆ. ನಾಗೇಶ್ವರ, ಚೆನ್ನಕೇಶವ ಎರಡು ಗುಡಿ ಅಕ್ಕಪಕ್ಕ, ಅಳತೆ ಆಕಾರ ಎರಡಕ್ಕೂ ಒಂದೇ. ಶಿವನಿಗೆ ಒಂದು, ಕೇಶವನಿಗೆ ಒಂದು. ಹೊಳೆನರಸೀಪುರದಲ್ಲಿ ಹೇಮಾವತಿ ದಡ, ಲಕ್ಷ್ಮೀನರಸಿಂಹಸ್ವಾಮಿ. ವೇದಾಂತ ಓದಿಕೊಂಡ ನಿಮ್ಮ ಮಾವನವರನ್ನ ಅಧ್ಯಾತ್ಮ ಪ್ರಕಾಶ ಕಾರ್ಯಾಲಯಕ್ಕೆ ಕರಕೊಂಡು ಹೋಗು. ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು ಶಂಕರ ಭಾಷ್ಯಗಳನ್ನ ಕನ್ನಡಕ್ಕೆ ತಂದು ಅಚ್ಚು ಹಾಕಿಸಿದ ಜಾಗ ಅದು. ಪುಸ್ತಕ ಕೊಳ್ಳಬಹುದು. ಆ ದಿನ ಗದ್ದೆಯ ಸೀಮೆ, ಒತ್ತು ಶಾವಿಗೆ, ಕಾಯಿಹಾಲು ಕೇಳಿ ತಿನ್ನಿ. ಮಧ್ಯಾಹ್ನದ ಮೇಲೆ ಹಾಸನಕ್ಕೆ ಬಂದು ಸುಮ್ಮನೆ ಇರಿ. ಎಲ್ಲ ದಿನವೂ ಓಡಿದರೆ ಯಾವ ಗುಡಿಯೂ ನೆನಪಲ್ಲಿ ನಿಲ್ಲಲ್ಲ.

ಮಗಳು: ಮಕ್ಕಳು ನೀರಲ್ಲಿ ಮುಳುಗೋ ಚರ್ಚಿನ ಚಿತ್ರ ನೋಡಿ ಕುಣೀತಿದ್ದಾರೆ.

ಚಿಕ್ಕಪ್ಪ: ಶೆಟ್ಟಿಹಳ್ಳಿ. ನಾಲ್ಕನೇ ದಿನ ಗೊರೂರಿನ ಜೊತೆ ಸೇರಿಸಿಕೊಳ್ಳಿ. ಫ್ರೆಂಚ್ ಪಾದ್ರಿಗಳು 19ನೇ ಶತಮಾನದಲ್ಲಿ ಕಟ್ಟಿದ್ದು. ಹಿನ್ನೀರು ಏರಿದಾಗ ನೀರಿನ ನಡುವೆ, ಇಳಿದಾಗ ನೆಲದ ಮೇಲೆ. ಗೋಡೆಗಳು ಬೀಳೋ ಸ್ಥಿತಿಯಲ್ಲಿವೆ, ದೂರದಿಂದಲೇ ನೋಡಬೇಕು. ಬರೀ ಚಿತ್ರ ತೆಗೆದುಕೊಂಡು ಬರಬೇಡಿ. 1979ರಲ್ಲಿ ಮುಗಿದ ಹೇಮಾವತಿ ಅಣೆಕಟ್ಟೆಗಾಗಿ ಊರುಗಳು ಎದ್ದುಹೋದವು. ಕಾಲುವೆ ಕೆಳಗಿನವರ ತಟ್ಟೆಯ ಅನ್ನಕ್ಕೆ ಈ ದಡದವರು ಮನೆ, ಹೊಲ, ಪೂಜೆ ಮಾಡೋ ಜಾಗ ಬಿಟ್ಟುಕೊಟ್ಟರು ಅಂತ ಮಕ್ಕಳಿಗೆ ತಿಳಿಯಲಿ. ಗೊರೂರಿಗೆ ಹೋಗುವ ಮುಂಚೆ ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಚಿತ್ರಗಳು’ ಒಂದೆರಡು ಪ್ರಬಂಧ ಗಟ್ಟಿಯಾಗಿ ಓದು. ಆ ಹೇಮಾವತಿಯ ದಡದಲ್ಲಿ ಜನ ಹೇಗೆ ಉಂಡರು, ನಕ್ಕರು, ಜಗಳವಾಡಿದರು ಅನ್ನೋದು ಅದರಲ್ಲಿ ಜೀವಂತ ಇದೆ.

ಮಗಳು: ಅರಕಲಗೂಡು?

ಚಿಕ್ಕಪ್ಪ: ಅಲ್ಲಿ ಅರ್ಕೇಶ್ವರನ ದರ್ಶನ ಮಾಡಿ, ಮುಂದೆ ಕಾವೇರಿಯ ಕಡೆ. ಹೇಮಾವತಿ, ಕಾವೇರಿ ಎರಡೂ ಹರಿಯೋ ತಾಲ್ಲೂಕು ಅದು. ರಾಮನಾಥಪುರದಲ್ಲಿ ರಾಮೇಶ್ವರ, ಸುಬ್ರಹ್ಮಣ್ಯ. ಮಾರ್ಗಶಿರದ ಷಷ್ಠಿಗೆ ತೇರು. ಹೊಳೆಯಲ್ಲಿ ವಹ್ನಿ ಪುಷ್ಕರಣಿ ಅಂತ ಮೀನುಗಳ ರಕ್ಷಿತ ಜಾಗ. ಅಲ್ಲಿ ಮೀನು ಹಿಡಿಯೋ ಹಾಗಿಲ್ಲ, ಜನ ಕಡ್ಲೆಪುರಿ ಹಾಕ್ತಾರೆ. ಹತ್ತಿರದಲ್ಲೇ ಸಂಗೀತಗಾರರ ಊರು ರುದ್ರಪಟ್ಟಣ. ಆರ್.ಕೆ. ಶ್ರೀಕಂಠನ್ ಹುಟ್ಟಿದ್ದು ಅಲ್ಲಿ. ರುದ್ರಪಟ್ಟಣಂ ಸಹೋದರರ ಮನೆತನ ಆ ಊರಿನದು. ಆರ್.ಕೆ. ಪದ್ಮನಾಭ ಅವರು ತಂಬೂರಿಯ ಆಕಾರದ ಮಂದಿರ ಕಟ್ಟಿಸಿದ್ದಾರೆ. ಧಾರವಾಡದವರಿಗೆ ಸಂಗೀತ ಹೇಳಿಕೊಡಬೇಕಾಗಿಲ್ಲ, ಆ ಊರು ನಿಮ್ಮ ಅತ್ತೆ ಮಾವನವರಿಗೆ ಬಹಳ ಹಿಡಿಸುತ್ತೆ. ಕಾವೇರಿಗೆ ಕಟ್ಟೇಪುರದಲ್ಲಿ ಕಟ್ಟೆ ಕಟ್ಟಿ ಕಾಲುವೆ ತೆಗೆದರು. ಗದ್ದೆ ನೆಚ್ಚಿಕೆಯಿಂದ ಬೆಳೆಯೋ ದಡದಲ್ಲಿ ಸಂಗೀತ ಕಲಿಯೋಕೆ ಬಿಡುವೂ ಸಿಕ್ಕಿತು ಅಂತ ನಾನು ಅಂದುಕೊಂಡಿದ್ದೀನಿ.

ಮಗಳು: ಬರಕೊಂಡೆ. ಮೊದಲ ದಿನ ಬೆಟ್ಟ ಮತ್ತು ತೆಂಗಿನ ಸೀಮೆ, ರಾತ್ರಿ ಬೆದ್ದಲಿನ ಊಟ. ಎರಡನೇ ದಿನ ಕೆರೆ, ಬೇಲೂರು, ಹಳೇಬೀಡು. ಮೂರನೇ ದಿನ ಹೇಮಾವತಿ, ನಾಲ್ಕನೇ ದಿನ ಕಾವೇರಿ. ಮೊದಲು ನಾನು ಗುಡಿಗಳ ಪಟ್ಟಿ ಮಾಡಿಕೊಂಡಿದ್ದೆ, ಈಗ ನೀರಿನ ದಾರಿ ಹಿಡಿದು ಬಂದ ಹಾಗಾಯಿತು. ಮಕ್ಕಳಿಗೆ ಒಂದು ನೋಟ್‌ಬುಕ್ ಕೊಡ್ತೀನಿ. ಪ್ರತಿ ದಿನ ಯಾವ ಗುಡಿ, ಯಾರು ಕಟ್ಟಿಸಿದ್ದು, ಹತ್ತಿರದ ಕೆರೆ ಯಾವುದು, ಏನು ಉಂಡೆವು ಅಂತ ಬರೀಲಿ.

ಚಿಕ್ಕಪ್ಪ: ಅದರಲ್ಲಿ ಇನ್ನೊಂದು ಸಾಲು ಸೇರಿಸು. ಅಡುಗೆ ಮಾಡಿದವರ ಹೆಸರು ಏನು, ಅಕ್ಕಿ ರಾಗಿ ಯಾರ ಹೊಲದ್ದು ಅಂತ ಕೇಳಿ ಬರೀಬೇಕು. ಬೈಚೋಜ, ಮಲ್ಲಿತಮ್ಮ ಏಳುನೂರು ವರ್ಷ ದಾಟಿದರೂ ನಮಗೆ ಗೊತ್ತಿರೋದು ಅವರು ಹೆಸರು ಬರೆದಿದ್ದಕ್ಕೆ. ಊಟ ಬಡಿಸಿದವರ ಹೆಸರನ್ನ ಕಲ್ಲಿನಲ್ಲಿ ಯಾರೂ ಕೆತ್ತಲಿಲ್ಲ. ನಿನ್ನ ಮಕ್ಕಳು ಹಾಳೆಯ ಮೇಲಾದರೂ ಬರೀಲಿ.